ನಿಮ್ಮ ಮಗಳನ್ನು ‘ಕೀಪ್’ ಮಾಡುತ್ತೇವೆ

ಕಳೆದ ಶನಿವಾರ ಸಂಜೆ ನಾನು ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಗೆ, “ನಿಮ್ಮ ಮಗಳನ್ನು ನಾವು ಬಂಧಿಸಿಡುತ್ತೇವೆ, ಚಿಂತೆ ಮಾಡಬೇಡಿ” ಎಂದು ಹೇಳಿದೆ.

ನಗುನಗುತ್ತಾ ಹೇಳಿದೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಗೋಳಿಬಜೆಯ ತಟ್ಟೆ.

ಅವರು ಗೋಳಿಬಜೆ ತೆಗೆದುಕೊಳ್ಳಲಿಲ್ಲ.

ಗಲ್ಫಿನ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಸದಾನಂದಣ್ಣ ಮತ್ತು ವಸಂತಿಯಕ್ಕ. ಉಡುಪಿ ಕಡೆಯವರು, ಮನೆಮಾತು ತುಳು. ಸದಾನಂದಣ್ಣನಿಗೆ ದೇರಾದಲ್ಲಿ ಹೋಟೆಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಮಗ ನಿತೇಶ ದೊಡ್ಡ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿದ್ದಾನೆ. ಅದೇ ಹೋಟೆಲಿನಲ್ಲಿ ಕೇಕ್ ಮಾಡುವ ಪೋಲೆಂಡಿನ ಹುಡುಗಿ ಮಗ್ದಾ, ನಿತೇಶನಿಂದ ಕನ್ನಡ ಕಲಿತವಳು. ಇಬ್ಬರಿಗೂ ಮದುವೆಯಾಗುವ ಮನಸ್ಸು. (ವಸಂತಿಯಕ್ಕನ ಬಾಯಲ್ಲಿ ಹುಡುಗಿ ಆಗಲೇ ‘ಮುಗ್ಧಾ’ ಆಗಿದ್ದಳು. ಅವಳನ್ನು ಐದು ನಿಮಿಷ ಮಾತಾಡಿಸಿದ ಯಾರೂ ಆ ಹೆಸರಿಡುವುದಿಲ್ಲ.)

ಹುಡುಗನ ಮನೆ ನೋಡಲು ಹುಡುಗಿಯ ಅಪ್ಪ ಪೋಲೆಂಡಿನಿಂದ ಬಂದಿದ್ದರು. ಹೆಸರು ತದೇವುಶ್, ಮೊದಲು ಹೇಳಿದ ನಿವೃತ್ತ ಪೊಲೀಸ್ ಅಧಿಕಾರಿ ಇವರೇ. ಹೆಂಡತಿ ತೀರಿಕೊಂಡಿದ್ದಾರೆ, ಇರುವುದು ಒಬ್ಬಳೇ ಮಗಳು. ಇಂಗ್ಲಿಷು ಬಾರದು.

ಐದೂವರೆಗೆ ಬರಬೇಕಾದವರು ನಾಲ್ಕೂವರೆಗೇ ಬಂದು ಬಾಗಿಲು ತಟ್ಟಿದರು. ಒಬ್ಬರೇ. ಮಗ್ದಾಳ ಶಿಫ್ಟ್ ಮುಗಿದಿರಲಿಲ್ಲ, ಅವಳನ್ನು ಕರೆತರಲು ನಿತೇಶ ಹೋಗಿದ್ದ. ವಸಂತಿಯಕ್ಕ ಓಡೋಡಿ ನಮ್ಮ ಮನೆಗೆ ಬಂದರು.

“ಬಾ ಮಾರಾಯ್ತಿ, ಅವರು ಬಂದು ಕೂತಾಯ್ತು. ನೀನು ಮಾತಾಡು.”

“ನನಗೆಲ್ಲಿ ಪೋಲಿಷ್ ಬರ್ತದೆ ಅಕ್ಕಾ?”

“ಅವರೂ ಕ್ಯಾಥೊಲಿಕ್, ನೀನೂ ಕ್ಯಾಥೊಲಿಕ್. ಏನಾದ್ರೂ ಬರ್ತದೆ.”

ಶಿರ್ವದಲ್ಲಿ ಹುಟ್ಟಿ ಕೊಂಕಣಿಯಲ್ಲಿ ಪ್ರಾರ್ಥನೆ ಕಲಿತ ನನಗೂ ಅವರಿಗೂ ಪೋಪರು ಒಬ್ಬರೇ ಇರಬಹುದು, ಭಾಷೆಯೂ ಒಂದೇ ಆಗಲು ಸಾಧ್ಯವೇ? ಆದರೂ ಹೋದೆ. ಮೊಬೈಲಿನಲ್ಲಿ ಅನುವಾದದ ಆ್ಯಪ್ ಇದೆಯಲ್ಲ, ಅದೇ ಧೈರ್ಯ.

ಸೋಫಾದ ತುದಿಯಲ್ಲಿ ಆ ಮನುಷ್ಯ ಕೂತಿದ್ದರು. ಹಾಲುಬಿಳಿ ಮೀಸೆ. ಚರ್ಮದ ಚೀಲ ತೊಡೆಯ ಮೇಲೆ, ಕೈ ಚೀಲದ ಮೇಲೆ. ಕಣ್ಣು ಮಾತ್ರ ಮನೆಯೆಲ್ಲಾ ಓಡಾಡುತ್ತಿತ್ತು. ಮುಂಬಾಗಿಲ ಚಿಲಕ ನೋಡಿದರು. ಕಿಟಕಿಯ ಸರಳು ನೋಡಿದರು. ಮುಚ್ಚಿದ್ದ ದೇವರ ಕೋಣೆಯ ಬಾಗಿಲನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಫೋನಿಗೆ ಏನೋ ಗೊಣಗಿದರು. ಫೋನು ಇಂಗ್ಲಿಷಿನಲ್ಲಿ ಕೇಳಿತು: “ಈ ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆ?”

“ನೋಡಿದ್ಯಾ?” ವಸಂತಿಯಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಊರು, ಮನೆತನ ಎಂತದೂ ಕೇಳುದಿಲ್ಲ. ತಲೆ ಎಣಿಸ್ತಾರೆ. ಪೊಲೀಸ್ ಬುದ್ಧಿ.”

ನನಗೂ ಸಂಶಯ ಹತ್ತಿತು. ಸಂಬಂಧ ನೋಡಲು ಬಂದವರು ಯಾರಾದರೂ ಚಿಲಕ ನೋಡುತ್ತಾರೆಯೇ? ಈ ಮನುಷ್ಯ ಇಲ್ಲ ಎನ್ನಲೆಂದೇ ವಿಮಾನ ಹತ್ತಿ ಬಂದಿದ್ದಾರೆ ಅಂದುಕೊಂಡೆ. ಅವರೂ ನಮ್ಮನ್ನು ನೋಡಿ ಏನೋ ಅಂದುಕೊಳ್ಳುತ್ತಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. ಎಲ್ಲರೂ ಎಲ್ಲರನ್ನೂ ನೋಡಿ ನಗುತ್ತಿದ್ದೆವು, ಒಬ್ಬರೂ ಒಬ್ಬರನ್ನು ನಂಬಿರಲಿಲ್ಲ.

“ಚಿಂತೆ ಬೇಡ ಹೇಳು,” ಎಂದರು ವಸಂತಿಯಕ್ಕ. “ಅವಳನ್ನು ನಮ್ಮ ಮಗಳ ಹಾಗೆ ಇಟ್ಕೊಳ್ತೇವೆ ಹೇಳು.”

ಕನ್ನಡದಿಂದಲೇ ಪೋಲಿಷ್ ಮಾಡಿಸಬಹುದಿತ್ತು. ಆದರೆ ಆ್ಯಪಿನ ಕನ್ನಡದ ಮೇಲೆ ನನಗೆ ನಂಬಿಕೆಯಿಲ್ಲ. (ಒಮ್ಮೆ ‘ತಲೆ ತಿನ್ನಬೇಡ’ ಎಂದದ್ದನ್ನು ಅದು ಮಾಂಸಾಹಾರದ ಸಲಹೆಯಾಗಿ ಮಾಡಿಕೊಟ್ಟಿತ್ತು.) ಹಾಗಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಬೆರಳಿಗೆ ಗೋಳಿಬಜೆಯ ಎಣ್ಣೆ, ಮನಸ್ಸಿಗೆ ಅವಸರ. ‘ಮಗಳ ಹಾಗೆ’ ಬಿಟ್ಟುಹೋಯಿತು. ಉಳಿದದ್ದು ಇಷ್ಟು: ವಿ ವಿಲ್ ಕೀಪ್ ಯುವರ್ ಡಾಟರ್. ಡೋಂಟ್ ವರಿ.

ಮೊಬೈಲಿನ ಹೆಂಗಸು ಇಂಪಾದ ದನಿಯಲ್ಲಿ ಏನೋ ಹೇಳಿದಳು. ತದೇವುಶ್ ಅವರ ಮೀಸೆ ಅಲ್ಲಾಡುವುದು ನಿಂತಿತು.

ಅವರ ಫೋನು ಕೇಳಿತು: “ಯಾವ ಆಧಾರದ ಮೇಲೆ?”

“ಆಧಾರ ಎಂತದು ಮಾರಾಯ್ರೆ!” ಸದಾನಂದಣ್ಣ ಜೋರಾಗಿ ನಕ್ಕರು. “ಪ್ರೀತಿ, ಪ್ರೀತಿ! ಹಾಗೇ ಹೇಳು.”

ಹೇಳಿದೆ.

“ಎಷ್ಟು ಕಾಲ?”

“ಜೀವ ಇರುವವರೆಗೆ!”

ಅದನ್ನೂ ಹೇಳಿದೆ. ಸದಾನಂದಣ್ಣನಿಗೆ ಹುರುಪು ಬಂತು. “ರಿಜಿಸ್ಟ್ರೇಶನ್, ವೀಸಾ ಎಲ್ಲ ನಾನು ನೋಡ್ಕೊಳ್ತೇನೆ. ಅವಳ ಪಾಸ್‌ಪೋರ್ಟ್ ನಾನೇ ಇಟ್ಕೊಳ್ತೇನೆ, ಅಂಗಡಿಯ ಲಾಕರಿನಲ್ಲಿ, ಫುಲ್ ಸೇಫ್. ಅದನ್ನೂ ಹೇಳು.”

ನಾನು ಅದನ್ನೂ ಹೇಳಿದೆ. ಮತ್ತೆ ‘ಕೀಪ್’ ಹಾಕಿದೆ.

ತದೇವುಶ್ ಎದ್ದು ನಿಂತರು. ಚೀಲವನ್ನು ಹೆಗಲಿಗೇರಿಸಿದರು. ಕಾಫಿ ಮುಟ್ಟಿರಲಿಲ್ಲ. ಬಾಗಿಲು ತೆಗೆದು ಹೊರಗೆ ನಿಂತು, ಫ್ಲ್ಯಾಟ್ ನಂಬರಿನ ಫೋಟೋ ತೆಗೆದು, ಮೆಟ್ಟಿಲಿಳಿದು ಹೋದರು. ಲಿಫ್ಟಿಗೂ ಕಾಯಲಿಲ್ಲ.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

“ಖಲಾಸ್,” ಎಂದರು ಸದಾನಂದಣ್ಣ.

“ನಮ್ಮ ಬಣ್ಣ ಹಿಡಿಸ್ಲಿಲ್ಲ,” ಎಂದರು ವಸಂತಿಯಕ್ಕ. ಅವರ ಕಣ್ಣು ತುಂಬಿತ್ತು. “ಮೊದಲೇ ಗೊತ್ತಿತ್ತು ನನಗೆ.”

ಮನೆಗೆ ಹೋಗಿಬಿಡೋಣ ಎನ್ನಿಸಿತು. ಮಾತನಾಡಿದ್ದು ನನ್ನ ಮೊಬೈಲು, ಟೈಪ್ ಮಾಡಿದ್ದು ನನ್ನ ಬೆರಳು. ಒಂದು ಮದುವೆ ಮುರಿದರೆ ಆ ಸುದ್ದಿ ಈ ಕಟ್ಟಡದಲ್ಲಿ ಯಾರ ಹೆಸರಿನಲ್ಲಿ ಓಡಾಡುತ್ತದೆ? ಆ್ಯಪಿನ ಹೆಸರಿನಲ್ಲಂತೂ ಅಲ್ಲ.

ಸ್ವಲ್ಪ ಹೊತ್ತಿನಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಕೈಯಲ್ಲಿ ಕೇಕಿನ ಪೆಟ್ಟಿಗೆ ಹಿಡಿದ ನಿತೇಶ, ಹಿಂದೆ ಮಗ್ದಾ, ಅವಳ ಕೈಯಲ್ಲಿ ಅಪ್ಪನ ತೋಳು. ಕಟ್ಟಡದ ಕೆಳಗೇ ಸಿಕ್ಕಿದ್ದರಂತೆ. ಅಪ್ಪ ಮಗಳನ್ನು ಕಂಡವರೇ ಕೇಳಿದ ಮೊದಲ ಪ್ರಶ್ನೆ: “ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?”

ಮಗ್ದಾ ನನ್ನ ಮೊಬೈಲು ಕಿತ್ತುಕೊಂಡು ಓದಿದಳು. ಓದುತ್ತಾ ಓದುತ್ತಾ ಗೋಡೆಗೆ ಒರಗಿ ನಗತೊಡಗಿದಳು.

“ಆಂಟಿ, ನನ್ನನ್ನು ಅರೆಸ್ಟ್ ಮಾಡ್ತೀರಾ? ಪ್ರೀತಿಗಾಗಿ? ಲೈಫ್ ಲಾಂಗ್?”

ಆ್ಯಪ್ ಆರಿಸಿಕೊಂಡ ಪದ ‘ಜತ್‌ಶಿಮಾಚ್’. ತನ್ನಲ್ಲೇ ಉಳಿಸಿಕೊಳ್ಳುವುದು, ತಡೆದು ನಿಲ್ಲಿಸುವುದು ಎಂದರ್ಥ. ಪೊಲೀಸರು ಆರೋಪಿಯನ್ನು ಹಿಡಿದಿಟ್ಟರೂ ಇದೇ ಪದವಂತೆ. ಸೇವೆಯಲ್ಲಿದ್ದಷ್ಟು ಕಾಲ ತದೇವುಶ್ ದಿನವೂ ಬಳಸಿದ ಪದ! ಹಾಗಾದರೆ ಸರಿಯಾದ ಪದ ಯಾವುದು ಎಂದು ಕೇಳಿದೆ. ಮಗ್ದಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳತೊಡಗಿದಳು. ಕೋಳಿ ಸಾಕಿದರೆ ಬೇರೆ ಕ್ರಿಯಾಪದ. ಗುಟ್ಟು ಕಾಪಾಡಿದರೆ ಬೇರೆ. ಖರ್ಚುವೆಚ್ಚ ಕೊಟ್ಟು ಸಾಕಿದರೆ ‘ಉತ್‌ಶಿಮಿವಾಚ್’. ಕೊಟ್ಟ ಮಾತು ಉಳಿಸಿಕೊಂಡರೆ ‘ದೊತ್‌ಶಿಮಾಚ್’.

“ಇಂಗ್ಲಿಷಿನಲ್ಲಿ ಕೀಪ್ ಅಂದರೆ ಮುಗೀತು,” ಎಂದಳು. “ಪೋಲಿಷ್ ಸುಮ್ಮನಿರುವುದಿಲ್ಲ. ಏನನ್ನು ಕೀಪ್ ಮಾಡ್ತೀಯ, ಹೇಗೆ, ಯಾಕೆ, ಎಲ್ಲ ಕೇಳ್ತದೆ.”

“ಹಾಗಾದ್ರೆ ಮೂರನೆಯದು,” ಎಂದರು ಸದಾನಂದಣ್ಣ. “ಖರ್ಚು ಕೊಟ್ಟು ಸಾಕುವುದು. ಅದನ್ನೇ ಹೇಳಿದ್ದು ನಾವು.”

“ಅದರಿಂದ ಇನ್ನೊಂದು ಪದ ಹುಟ್ತದೆ ಅಂಕಲ್. ಶ್ರೀಮಂತ ಗಂಡಸು ಗುಟ್ಟಾಗಿ ಬೇರೆ ಫ್ಲ್ಯಾಟಿನಲ್ಲಿ ಇಟ್ಟ ಹೆಂಗಸು.”

ಸದಾನಂದಣ್ಣ ಕೆಮ್ಮಿದರು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮಲ್ಲೂ ‘ಅವಳನ್ನು ಇಟ್ಟುಕೊಂಡಿದ್ದಾನೆ’ ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ, ಮಗಳ ಹಾಗೆ ಎಂದು ಯಾರೂ ತಿಳಿಯುವುದಿಲ್ಲವಲ್ಲ?

ಅಲ್ಲಿಗೆ ಎಲ್ಲರೂ ನಕ್ಕು, ಕೇಕು ಕತ್ತರಿಸಿ, ನಾನು ಮನೆಗೆ ಹೋಗಿ ಹಾಸ್ಯದ ಅಂಕಣ ಬರೆಯಬೇಕಿತ್ತು. ಆದರೆ ಮಗ್ದಾಳ ನಗು ಅಷ್ಟರಲ್ಲಿ ನಿಂತಿತ್ತು.

“ಆಂಟಿ,” ಎಂದಳು, “ಈಗ ಹೇಳಿ. ನೀವು ಹೇಳಿದ್ದು ಇವುಗಳಲ್ಲಿ ಯಾವುದು?”

ವಸಂತಿಯಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. ಮಗನನ್ನು ನೋಡಿದರು. ಮಗ ಕಾರ್ಪೆಟ್ಟನ್ನು ನೋಡಿದ.

“ನಾನು ಎಣಿಸಿದ್ದು... ಮದುವೆ ಆದ ಮೇಲೆ ನೀನು ಮನೆಯಲ್ಲೇ ಇರ್ತಿ ಅಂತ. ಶಿಫ್ಟ್ ಗಿಫ್ಟ್ ಎಲ್ಲ ಬಿಟ್ಟು. ನಾವೇ ನೋಡ್ಕೊಳ್ತೇವಲ್ಲ?”

“ನಿತೇಶ್ ನಿಮಗೆ ಹೇಳಲಿಲ್ಲವಾ? ನಾನು ಕೆಲಸ ಬಿಡುವುದಿಲ್ಲ ಅಂತ?”

“ಅವನು ಎಂತದೂ ಹೇಳ್ಲಿಲ್ಲ.”

“ನನಗೆ ಹೇಳಿದ, ಅಮ್ಮ ಓಕೆ ಅಂದಿದ್ದಾರೆ ಅಂತ.”

“ಅಮ್ಮನಿಗೆ ನಿಧಾನ ಹೇಳುವ ಅಂತ ಇದ್ದೆ,” ಎಂದ ನಿತೇಶ, ಕಾರ್ಪೆಟ್ಟಿಗೇ. ಹುಡುಗ ಎರಡೂ ಕಡೆ ಹೂಂಗುಟ್ಟಿ ನಡುವೆ ಹಾಯಾಗಿದ್ದ. ಈ ಸಂಜೆ ಆ್ಯಪ್ ತಪ್ಪು ಮಾಡದೆ ಹೋಗಿದ್ದರೆ ಅವನು ಯಾವಾಗ ಹೇಳುತ್ತಿದ್ದ? ತಾಳಿ ಕಟ್ಟುವ ಮೊದಲೇ, ಆಮೇಲೆಯೇ? ಚಿಲಕ ನೋಡಿದ ಅಪ್ಪನ ಮೇಲೆ ನನಗಿದ್ದ ಸಂಶಯವೆಲ್ಲ ಎದ್ದು ಬಂದು ಈ ಹುಡುಗನ ಪಕ್ಕದಲ್ಲಿ ಕೂತಿತು.

ಮಗ್ದಾ ಕೂಗಲಿಲ್ಲ. “ಇವತ್ತು ಮಾತು ಮುಂದೆ ಹೋಗುವುದಿಲ್ಲ,” ಎಂದಳು. ಅಪ್ಪನಿಗೆ ಪೋಲಿಷ್‌ನಲ್ಲಿ ಏನೋ ಹೇಳಿದಳು. ಅವರು ಮತ್ತೆ ಚೀಲಕ್ಕೆ ಕೈ ಹಾಕಿದರು.

ಆಗ ಸದಾನಂದಣ್ಣ ಪರಿಸ್ಥಿತಿ ಸುಧಾರಿಸಲು ಹೊರಟರು. (ಗಂಡಸರು ಸುಧಾರಿಸಲು ಹೊರಟಾಗ ನಾನು ಚಪ್ಪಲಿ ಹುಡುಕುತ್ತೇನೆ.) “ಇಷ್ಟು ಸಣ್ಣ ವಿಷಯಕ್ಕೆ ಬೇಜಾರು ಮಾಡ್ಬೇಡ ಮಗಾ. ವಸಂತಿಯನ್ನೇ ನೋಡು. ಮದುವೆಯಾಗಿ ಬಂದ ದಿನ ಅವಳ ಪಾಸ್‌ಪೋರ್ಟ್ ತೆಗೆದು ಇಟ್ಟವ ನಾನು. ಇವತ್ತಿನವರೆಗೆ ಒಂದು ಟೆನ್ಶನ್ ಉಂಟಾ ಅವಳಿಗೆ?”

ವಸಂತಿಯಕ್ಕ ಗಂಡನತ್ತ ತಿರುಗಿದರು. ತುಳುವಿನಲ್ಲಿ ಕೇಳಿದರು, ಮೆಲ್ಲಗೆ: “ಎನ್ನ ಪಾಸ್‌ಪೋರ್ಟ್ ಓಲುಂಡು?”

ನನ್ನ ಪಾಸ್‌ಪೋರ್ಟ್ ಎಲ್ಲಿದೆ?

“ಲಾಕರಿನಲ್ಲಿ ಉಂಟಲ್ಲ.” ಸದಾನಂದಣ್ಣ ಕನ್ನಡದಲ್ಲೇ ಉತ್ತರಿಸಿದರು, ನಮಗೆಲ್ಲ ಕೇಳಲಿ ಎಂಬಂತೆ.

“ನನಗೆ ಬೇಕು.”

“ಈಗ? ಎಲ್ಲಿಗೆ ಹೋಗ್ಲಿಕ್ಕೆ?”

“ಎಲ್ಲಿಗೂ ಅಲ್ಲ.” ವಸಂತಿಯಕ್ಕ ಕುರ್ಚಿ ಎಳೆದು ಕೂತರು. “ಏರ್‌ಪೋರ್ಟಿನಲ್ಲಿ ಕೌಂಟರಿಗೆ ನೀವು ಕೊಡ್ತೀರಿ, ನೀವೇ ತಗೊಂಡು ಜೇಬಿಗೆ ಹಾಕ್ತೀರಿ. ಅದರೊಳಗಿನ ಫೋಟೋ ನಾನು ಸರಿ ನೋಡ್ಲೇ ಇಲ್ಲ. ನನ್ನ ಅಮ್ಮನಿಗೆ ಸೀಕು ಜೋರಾದಾಗ ನಾನು ಆ ದಿನವೇ ಹೊರಡ್ಬೇಕಿತ್ತು. ಅಂಗಡಿ ಮುಚ್ಚಿತ್ತು, ಬೀಗದ ಕೈ ನಿಮ್ಮತ್ರ, ನೀವು ಅಬುಧಾಬಿಯಲ್ಲಿ. ಮರುದಿನ ಹೋದೆ. ಅಷ್ಟರಲ್ಲಿ ಅಮ್ಮ ಹೋಗಿ ಆಗಿತ್ತು.”

ಈ ವಿಷಯ ಎದುರು ಫ್ಲ್ಯಾಟಿನ ನನಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಸದಾನಂದಣ್ಣ ಒಳ್ಳೆಯ ಮನುಷ್ಯ, ಖಂಡಿತ. ಕೆಟ್ಟ ಉದ್ದೇಶ ಯಾವತ್ತೂ ಇರಲಿಲ್ಲ, ಅದೂ ಖಂಡಿತ. ಆದರೂ ಕೀಲಿಕೈ ಒಬ್ಬರ ಹತ್ತಿರವೇ ಇತ್ತಲ್ಲ?

ಮಗ್ದಾ ಅಪ್ಪನ ಕಿವಿಯಲ್ಲಿ ಅಷ್ಟನ್ನೂ ಪೋಲಿಷ್‌ಗೆ ತಿರುಗಿಸುತ್ತಿದ್ದಳು. ತದೇವುಶ್ ಕೇಳಿ ಮುಗಿಸಿ, ಚೀಲವನ್ನು ನೆಲಕ್ಕಿಟ್ಟರು. ತಣ್ಣಗಾಗಿದ್ದ ಗೋಳಿಬಜೆಯೊಂದನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಮಗಳಿಗೆ ಏನೋ ಹೇಳಿದರು.

“ಅಂಗಡಿ ದೂರವಾ ಅಂತ ಕೇಳ್ತಿದ್ದಾರೆ,” ಎಂದಳು ಮಗ್ದಾ.

ಸದಾನಂದಣ್ಣ ಹೆಂಡತಿಯನ್ನು ನೋಡಿದರು. ಕೀಲಿಗೊಂಚಲು ತೆಗೆದುಕೊಂಡರು. “ಯಲ್ಲಾ, ಬನ್ನಿ,” ಎಂದರು, ಅರ್ಧ ಅರಬ್ಬಿಯಲ್ಲಿ.

ಭಾಷೆ ಬಾರದ ಇಬ್ಬರು ಗಂಡಸರು ಒಂದೇ ಟ್ಯಾಕ್ಸಿಯಲ್ಲಿ ದೇರಾಕ್ಕೆ ಹೋದರು. ದಾರಿಯಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ, ಎರಡೂ ಫೋನುಗಳು ಮೇಜಿನ ಮೇಲೇ ಬಿದ್ದಿದ್ದವು. ಅವರು ಬರುವಷ್ಟರಲ್ಲಿ ನಿತೇಶ ಮತ್ತು ಮಗ್ದಾ ಬಾಲ್ಕನಿಯಲ್ಲಿ ನಿಂತು ತುಂಬ ಮಾತಾಡಿದರು. ಹೆಚ್ಚಾಗಿ ಅವಳೇ. ವಸಂತಿಯಕ್ಕ ಕೋರಿರೊಟ್ಟಿಯ ಕೋಳಿ ಗಸಿ ಬಿಸಿ ಮಾಡಿದರು. ನಾನು ಈರುಳ್ಳಿ ಹೆಚ್ಚಿದೆ, ಕಣ್ಣೀರಿಗೆ ಒಂದು ನೆಪ ಸಿಗಲೆಂದು.

ಸದಾನಂದಣ್ಣ ವಾಪಸು ಬಂದವರು ಪಾಸ್‌ಪೋರ್ಟನ್ನು ಮೇಜಿನ ಮೇಲಿಡಲಿಲ್ಲ, ಹೆಂಡತಿಯ ಕೈಯಲ್ಲೇ ಕೊಟ್ಟರು. “ಆವತ್ತಿಂದು... ನನಗೆ ಹೊಳೀಲಿಲ್ಲ ವಸಂತಿ,” ಎಂದರು. ವಸಂತಿಯಕ್ಕ ಪುಟ ತೆಗೆದು ಫೋಟೋ ನೋಡಿ, “ಇದೆಂತ, ಕಳ್ಳಿಯ ಹಾಗೆ ಕಾಣ್ತೇನೆ,” ಎಂದರು. ಊಟ ಬಡಿಸುವಾಗಲೂ ಅದು ಅವರ ಕಂಕುಳಲ್ಲೇ ಇತ್ತು.

ಈ ವಾರ ಕೇಳಿದ ಸುದ್ದಿ ಇಷ್ಟು. ಮದುವೆ ನಿಂತಿಲ್ಲ, ಮುಂದೆ ಹೋಗಿದೆ. ಮಗ್ದಾ ಕೆಲಸ ಬಿಡುವುದಿಲ್ಲ. ಅದು ವಸಂತಿಯಕ್ಕನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಅವಳ ಶಿಫ್ಟಿನ ಸಮಯ ಕೇಳಿ ತಿಳಿದುಕೊಂಡಿದ್ದಾರೆ. ನಿತೇಶನಿಗೆ ಒಂದು ಷರತ್ತು: ಅಮ್ಮನಿಗೆ ಹೇಳುವುದನ್ನೆಲ್ಲ ಮಗ್ದಾಳ ಎದುರೇ ಹೇಳಬೇಕು. ಹುಡುಗ ಒಪ್ಪಿದ್ದಾನೆ. (ಹಿಂದೆಯೂ ಒಪ್ಪಿದ್ದ. ನಾನಿನ್ನೂ ಅವನ ಮೇಲೊಂದು ಕಣ್ಣಿಟ್ಟಿದ್ದೇನೆ.) ತದೇವುಶ್ ಊರಿಗೆ ಮರಳಿದರು. ಹೊರಡುವಾಗ ಸದಾನಂದಣ್ಣ ಅಪ್ಪಿಕೊಳ್ಳಲು ಹೋದರೆ ಕೈಕುಲುಕಿದರಂತೆ. ಫ್ಲ್ಯಾಟ್ ನಂಬರಿನ ಫೋಟೋ ಅಳಿಸಿದರೇ ಎಂದು ಮಗ್ದಾಳನ್ನು ಕೇಳಿದೆ. ಇಲ್ಲವಂತೆ.

ಒಳ್ಳೆಯದೇ ಆಯಿತು.

ಓದುಗರೇ, ನಿಮ್ಮನ್ನು ಚೆನ್ನಾಗಿ ಇಟ್ಟುಕೊಳ್ಳುತ್ತೇವೆ ಎಂದು ಪ್ರೀತಿಯಿಂದ ಹೇಳಿದವರು ಇಟ್ಟುಕೊಂಡದ್ದು ಯಾವುದನ್ನು: ಮಾತನ್ನೋ, ನಿಮ್ಮನ್ನೋ?