ತೊಂಬತ್ತಾರು ಬಾರ್, ಒಂದೇ ಏಟು

ಹದಿನೇಳು ವರ್ಷಗಳ ಹಿಂದೆ, ಅಗ್ನಿಶಾಮಕ ಠಾಣೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಬ್ಯಾಂಡ್ ಬಾರಿಸುವುದನ್ನು ನೋಡಲು ಆರು ವರ್ಷದ ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಪ್ಪನ ಎರಡೂ ಕೈಯಲ್ಲಿ ಊಟದ ತಟ್ಟೆಗಿಂತ ಅಗಲವಾದ ಕಂಚಿನ ಸಿಂಬಲ್. ಉಳಿದವರೆಲ್ಲ ಊದುತ್ತಿದ್ದರು, ಬಡಿಯುತ್ತಿದ್ದರು. ಅಪ್ಪ ಮಾತ್ರ ಗೋಡೆಗೊರಗಿಸಿಟ್ಟ ಏಣಿಯಂತೆ ನಿಂತಿದ್ದ. ಕೊನೆಗೊಮ್ಮೆ ಎರಡನ್ನೂ ಒಂದಕ್ಕೊಂದು ಬಡಿದು ಝಳ್ ಎನ್ನಿಸಿದ. ಸರಿಯಾಗಿ ಅದೇ ಹೊತ್ತಿಗೆ ಮಗಳು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಮನೆಗೆ ಹೋಗುವಾಗ ಕೇಳಿದಳು: "ಅಪ್ಪಾ, ನಿನ್ನೊಬ್ಬನ್ನೇ ಯಾಕೆ ನಿಲ್ಸಿದ್ರು? ಹೋಂವರ್ಕ್ ಮಾಡಿರ್ಲಿಲ್ವಾ?"

"ಇರು ಪುಟ್ಟಿ," ಅಂದ ಅಪ್ಪ. "ನಾನೇ ಒಂದು ಸಂಗೀತ ಬರೀತೀನಿ. ಅದ್ರಲ್ಲಿ ಮೊದಲಿಂದ ಕೊನೇವರೆಗೂ ನಿಮ್ಮಪ್ಪ ಬಾರಿಸ್ತಾನೇ ಇರ್ತಾನೆ. ಇದು ನನ್ನ ಮಾತು."

ಇಂದು ಮತ್ತೆ ವಾರ್ಷಿಕೋತ್ಸವ. ಬೆಳಗಿನ ಐದೂವರೆಗೆ ಠಾಣೆಯ ಹಿತ್ತಲಲ್ಲಿ ಅಪ್ಪ ತೊಳೆದ ಪೈಪುಗಳನ್ನು ಒಣಗಿಸುವ ಗೋಪುರಕ್ಕೆ ಹಗ್ಗದಿಂದ ಏರಿಸುತ್ತಿದ್ದಾರೆ. ಹಬ್ಬವೆಂದು ಬೆಂಕಿಗೇನು ಗೊತ್ತು. ನಿನ್ನೆ ಮರದ ಡಿಪೋವೊಂದು ಹೊತ್ತಿ, ಹದಿನೆಂಟು ಪೈಪು ಮಸಿಯಾಗಿ ಬಂದಿವೆ. ಹಗ್ಗ ಎಳೆಯುತ್ತ ಗೊಣಗುತ್ತಾರೆ: "ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು…" ಹೊಸದಾಗಿ ವರ್ಗವಾಗಿ ಬಂದ ಚಾಲಕ ಪಕ್ಕದವರನ್ನು ಮೆಲ್ಲಗೆ ಕೇಳುತ್ತಾನೆ, "ಪಾಪ, ಅಣ್ಣಂಗೆ ನಾಲ್ಕರ ಮುಂದೆ ಎಣಿಕೆ ಬರಲ್ವಾ?"

ಎಣಿಕೆಯೇ ಅಣ್ಣನ ಬದುಕು. ನಾಲ್ಕು ಎಣಿಸಿದರೆ ಸಂಗೀತದ ಒಂದು ಬಾರ್; ಎಷ್ಟನೆಯ ಬಾರ್ ಎಂದು ಮರೆಯದಿರಲು ಮೊದಲ ಎಣಿಕೆಗೆ ಅದರ ಸಂಖ್ಯೆಯನ್ನೇ ಹೇಳುವುದು. ಠಾಣೆಯ ಹದಿನಾಲ್ಕು ಜನರ ಬ್ಯಾಂಡು ಹೆಚ್ಚಾಗಿ ನುಡಿಸುವ ಕವಾಯತು ಸಂಗೀತದಲ್ಲಿ ಇವರು ತೊಂಬತ್ತಾರು ಬಾರ್ ಸುಮ್ಮನಿದ್ದು ತೊಂಬತ್ತೇಳನೆಯದಕ್ಕೆ ಒಂದು ಏಟು ಹಾಕಬೇಕು. ಅದಕ್ಕೇ ಹೆಸರು ಒಂದೇಟಣ್ಣ. ನಿಜ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿದೆ. ಮದುವೆಯಾದ ಹೊಸದರಲ್ಲಿ ಅತ್ತೆ "ಏನಪ್ಪಾ ಇಷ್ಟು ಸುಸ್ತು?" ಎಂದು ಕೇಳಿದ್ದಕ್ಕೆ ಅಳಿಯ "ತೊಂಬತ್ತಾರು ಬಾರ್ ದಾಟಿ ಬಂದೆ ಅತ್ತೆ" ಅಂದು, ಅತ್ತೆ ತಮ್ಮ ಮಗಳನ್ನು ವಾಪಸ್ ಕರೆದೊಯ್ಯಲು ಹೊರಟೇಬಿಟ್ಟಿದ್ದರಂತೆ.

ಮಾತು ಕೊಟ್ಟಾಗ ಒಂದೇಟಣ್ಣನಿಗೆ ಸ್ವರ ಓದಲೂ ಬರುತ್ತಿರಲಿಲ್ಲ. ಬ್ಯಾಂಡ್ ಮಾಸ್ತರರ ಮುಂದೆ ಹೋಗಿ ನಿಂತರು. ಮಾಸ್ತರರು ಒಂದು ಬೀರುವಿನ ಬೀಗದ ಕೈ ಕೊಟ್ಟರು. ಒಳಗೆ ಹಳೆಯ ಸ್ವರಪತ್ರಗಳು, ಅರ್ಧ ಹುಳುವಿನ ಪಾಲು. "ಕಾಪಿ ಮಾಡು. ಹುಳ ತಿಂದಿರೋ ಕಡೆ ನೀನೇ ಯೋಚಿಸಿ ತುಂಬು," ಅಂದರು. ಮೊದಲು ಅಕ್ಕಿಕಾಳಿನಷ್ಟು ತೂತು, ಆಮೇಲೆ ಅಂಗೈಯಗಲದ್ದು, ಒಂದು ದಿನ ಪುಟವೇ ಇಲ್ಲ. "ನನಗೆ ಸಂಗೀತ ಕಲ್ಸಿದ್ದು ಹುಳ," ಎನ್ನುತ್ತಾರೆ ಒಂದೇಟಣ್ಣ. "ಅದು ಹೊಟ್ಟೆ ತುಂಬ ತಿಂದಷ್ಟೂ ನನಗೆ ಪಾಠ ಜಾಸ್ತಿ."

ಮನೆಯಲ್ಲಿ ಹೆಂಡತಿಗೆ ಹೊಲಿಗೆ ಕೆಲಸ. ಪಟ್ಟೆಪಟ್ಟೆ ಬಟ್ಟೆ ಹಾಸಿ, ಸ್ವರ ಬರೆಯುವ ಐದು ಗೆರೆಗಳ ಬದಲು ಐದು ಪಟ್ಟೆ ಎಣಿಸಿಕೊಂಡು, ಅದರ ಮೇಲೆ ಗುಂಡಿಗಳನ್ನಿಟ್ಟು ಇವರು ರಾಗ ಕಟ್ಟುತ್ತಿದ್ದರು. ಬಿಳಿ ಗುಂಡಿ ಕ್ಲಾರಿನೆಟ್, ಕೆಂಪು ಟ್ರಂಪೆಟ್, ಕೋಟಿನ ದಪ್ಪ ಗುಂಡಿ ದೊಡ್ಡ ಡೋಲು. ಒಂದು ಸಂಜೆ ಬಂದು ನೋಡಿದರೆ ಬಟ್ಟೆ ಅಂಗಿಯಾಗಿತ್ತು, ಗುಂಡಿ ಡಬ್ಬಿ ಸೇರಿದ್ದವು. "ಗಿರಾಕಿ ಬಾಗಿಲಲ್ಲಿ ನಿಂತಿದ್ರು. ನಿಮ್ಮ ರಾಗ ಮುಗಿಯೋವರೆಗೂ ಅವ್ರು ಬರಿಮೈಲಿ ಇರ್ಬೇಕಿತ್ತಾ?" ಎನ್ನುತ್ತಾರೆ ಹೆಂಡತಿ. ಒಂಬತ್ತು ಬಾರ್ ಸಂಗೀತ ಇವತ್ತಿಗೂ ಯಾರದೋ ಮೈಮೇಲೆ ಓಡಾಡಿಕೊಂಡಿದೆ.

ಮೊದಲ ಸಲ ಬರೆದದ್ದನ್ನು ಬ್ಯಾಂಡಿನವರು ನುಡಿಸಿದಾಗ ಟ್ರಂಪೆಟ್‌ನವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಉಸಿರೆಳೆಯಲು ಜಾಗ ಬಿಡುವುದನ್ನೇ ಒಂದೇಟಣ್ಣ ಮರೆತಿದ್ದರು. ಸಿಂಬಲ್‌ಗೆಲ್ಲಿಯ ಉಸಿರು? "ಹೊಗೆ ತುಂಬಿದ ಮನೇಲೂ ನನಗೆ ಇಷ್ಟು ಉಸಿರುಗಟ್ಟಿರ್ಲಿಲ್ಲ ಅಣ್ಣಾ," ಅಂದರಂತೆ ಅವರು, ಮಾತು ಬಂದ ಮೇಲೆ. ಇನ್ನು ಕ್ಲಾರಿನೆಟ್‌ನದು ಬೇರೆ ಕತೆ: ಕಾಗದದ ಮೇಲೆ ಬರೆದ ಸ್ವರಕ್ಕಿಂತ ಒಂದು ಮೆಟ್ಟಿಲು ಕೆಳಗೆ ಕೇಳುತ್ತದೆ. ಅದು ತಿಳಿಯದೆ ಎಲ್ಲರಿಗೂ ಒಂದೇ ಸ್ವರ ಬರೆದುಕೊಟ್ಟಾಗ ವಾದ್ಯಗಳ ನಡುವೆ ಬೀದಿ ಜಗಳ ಎದ್ದಿತ್ತು. "ಅರ್ಥ ಮಾಡ್ಕೊಳ್ಳೋಕೆ ಕಷ್ಟ ಆಗ್ಲಿಲ್ಲ," ಎನ್ನುತ್ತಾರೆ ಒಂದೇಟಣ್ಣ. "ಮೇಲಧಿಕಾರಿಗೆ ರಜಾ ಅರ್ಜಿ ಬರೆದ ಹಾಗೆ. ನಾವು ಬರೆಯೋದೊಂದು, ಅಲ್ಲಿ ಕೇಳ್ಸೋದೊಂದು."

ಹೀಗೆ ಎದ್ದು ಬಿದ್ದು ವರ್ಷಗಳು ಉರುಳಿವೆ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಕೂಗಿ ಹೇಳುವ ಕೆಲಸ ಮಗಳಿಗೆ. ಊಟಕ್ಕೆ ಕೂತಾಗಲೆಲ್ಲ ಅದೇ ದನಿಯಲ್ಲಿ ಶುರುಮಾಡುತ್ತಾಳೆ: "ಅಪ್ಪನ ಸಂಗೀತ ಹದಿನೇಳು ವರ್ಷ ತಡವಾಗಿ ಚಲಿಸುತ್ತಿದೆ. ಪ್ರಯಾಣಿಕರು ಸಹಕರಿಸಬೇಕು." ಒಂದೇಟಣ್ಣನಿಗೆ ಇನ್ನೆರಡು ತಿಂಗಳಿಗೆ ನಿವೃತ್ತಿ. ಇದು ಕೊನೆಯ ವಾರ್ಷಿಕೋತ್ಸವ. ಈ ಸಲ ತಪ್ಪಿದರೆ ಮಾತು ತಪ್ಪಿದ ಹಾಗೇ.

ಮೂರು ವಾರದ ಕೆಳಗೆ ತಾಲೀಮು ನಡೆಯಿತು. ನಾಲ್ಕು ನಿಮಿಷದ ಸಂಗೀತ. ಕೊಟ್ಟ ಮಾತಿನಂತೆ ಅದರಲ್ಲಿ ಸಿಂಬಲ್‌ಗೆ ಇನ್ನೂರ ಹದಿನಾಲ್ಕು ಏಟು. ಮುಗಿದ ಮೇಲೆ ಮಾಸ್ತರರು ಕಿವಿಯಿಂದ ಬೆರಳು ತೆಗೆದು ಹೇಳಿದರು: "ಚೆನ್ನಾಗಿದೆ ಕಣಯ್ಯಾ. ಉಳಿದ ಹದಿಮೂರು ಜನ ಮನೆಗೆ ಹೋಗ್ಬಹುದಾ?"

"ಮಗಳಿಗೆ ಮಾತು ಕೊಟ್ಟಿದೀನಿ ಸಾರ್."

"ಹಾಗಿದ್ರೆ ಇರ್ಲಿ. ಸಂಗೀತ ನಿಂದು, ಕೊನೇ ವರ್ಷ ನಿಂದು. ನಾನು ಬೇಡ ಅನ್ನಲ್ಲ."

ಬೇಡ ಎಂದಿದ್ದರೆ ಸುಲಭವಿತ್ತು. ಒಂದೇಟಣ್ಣ ಪೈಪಿನ ರಾಶಿಯ ಮೇಲೆ ಕೂತು ಅಳಿಸುವ ರಬ್ಬರು ಕೈಗೆತ್ತಿಕೊಂಡರು. "ಎಲ್ಲ ಪೈಪನ್ನೂ ಒಟ್ಟಿಗೆ ಬಿಟ್ರೆ ಯಾವುದ್ರಲ್ಲೂ ನೀರಿಗೆ ರಭಸ ಇರಲ್ಲ," ಎನ್ನುತ್ತಾರೆ. "ಮೂವತ್ತು ವರ್ಷದಿಂದ ಗೊತ್ತಿರೋ ವಿಷಯ. ಕಾಗದದ ಮೇಲೆ ಮರೆತೋಗಿತ್ತು." ಒಂದು ಏಟು ಅಳಿಸಿದರೆ ಕ್ಲಾರಿನೆಟ್ ಕೇಳಿಸಿತು, ಇನ್ನೊಂದು ಅಳಿಸಿದರೆ ಟ್ರಂಪೆಟ್. ಅಳಿಸುತ್ತ ಅಳಿಸುತ್ತ ರಬ್ಬರೇ ಸವೆದುಹೋಯಿತು. "ಅವಳಿಗೇನು ಹೇಳ್ತೀರಿ?" ಎಂದು ಹೆಂಡತಿ ಕೇಳಿದರೆ, "ಹೇಳೋದೇನು, ಅವಳಿಗೂ ಕಿವಿ ಇದೆ" ಅಂದರು. ಆದರೆ ಅಂದಿನಿಂದ ಇಂದಿನವರೆಗೂ ಮಗಳ ಮುಖ ಸರಿಯಾಗಿ ನೋಡಿಲ್ಲ.

ಸಂಜೆ ಠಾಣೆಯ ಅಂಗಳದಲ್ಲಿ ಕುರ್ಚಿಗಳು ತುಂಬಿವೆ. ಮಗಳು ಮುಂದಿನ ಸಾಲಿನಲ್ಲಿದ್ದಾಳೆ. ಬೇಕೆಂದೇ ಲೇಸಿಲ್ಲದ ಚಪ್ಪಲಿ ಹಾಕಿಕೊಂಡು ಬಂದಿದ್ದಾಳೆ. ಕ್ಲಾರಿನೆಟ್ ಒಂಟಿಯಾಗಿ ಶುರುವಾಗುತ್ತದೆ. ಟ್ರಂಪೆಟ್ ಸೇರುತ್ತದೆ, ಉಸಿರೆಳೆದುಕೊಂಡೇ. ಡೋಲು ದೂರದಿಂದ ನಡೆದು ಬರುತ್ತದೆ. ಒಂದೇಟಣ್ಣ ಸಿಂಬಲ್ ಹಿಡಿದು ನಿಂತಿದ್ದಾರೆ. ತುಟಿ ಮಾತ್ರ ಆಡುತ್ತಿದೆ. ಅರವತ್ತು ಎರಡು ಮೂರು ನಾಲ್ಕು. ಎಂಬತ್ತು ಎರಡು ಮೂರು ನಾಲ್ಕು. ನೂರ ಹನ್ನೊಂದನೆಯ ಬಾರ್‌ನಲ್ಲಿ ಉಳಿದ ವಾದ್ಯಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಲು ಹೊರಟವರು ತಡೆದುಕೊಳ್ಳುತ್ತಾರೆ.

ಝಳ್.

ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಚಪ್ಪಾಳೆ ನಿಂತ ಮೇಲೆ ಬಂದು ಸಿಂಬಲ್ ಒಂದನ್ನು ತಾನು ತೆಗೆದುಕೊಂಡಳು.

"ಏನಪ್ಪಾ, ನೀನೇ ಬರೆದದ್ರಲ್ಲೂ ನಿನ್ನನ್ನ ನಿಲ್ಸಿಬಿಟ್ರಲ್ಲ."

"ಯಾರೂ ನಿಲ್ಸಲಿಲ್ಲ ಪುಟ್ಟಿ. ಈ ಸಲ ನಾನೇ ನಿಂತೆ."

ಮೊದಲಿಂದ ಕೊನೆಯವರೆಗೂ ಬಾರಿಸುತ್ತೇನೆ ಎಂದಿದ್ದರು. ಬಾರಿಸಿದ್ದು ಒಂದೇ ಏಟು. ಕೊಟ್ಟ ಮಾತು ತಪ್ಪಿದೆ.