ಬೆಳ್ಳಿ ಮುಖವಾಡದ ಅಳತೆ

ಮುಖವಾಡ ಚಿಕ್ಕದಾದದ್ದು ಮೌನೇಶಾಚಾರ್ರ ಕೈಯಿಂದಲ್ಲ, ನನ್ನ ಅಳತೆಯಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಅವರ ಮುಂದೆ ಒಂದು ಸುಳ್ಳು ಕಾಗದ ಹಿಡಿದೆ — ಒಂಬತ್ತು ವರ್ಷ ಯಾರಿಗೂ ಹೇಳಲಿಲ್ಲ.

ದಾವಣಗೆರೆಯಲ್ಲಿ, ಆನೆಕೊಂಡಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಫೋಟೋದಿಂದ ಅಳತೆ ತೆಗೆದು ನಕ್ಷೆ ಮಾಡಿಕೊಡುತ್ತೇನೆ. ವಸ್ತುವಿನ ಪಕ್ಕ ಅಡಿಪಟ್ಟಿ ಇಟ್ಟು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಪಟ್ಟಿಯ ಎರಡು ತುದಿ ಗುರುತಿಸಿ ಇದು ಇಷ್ಟುದ್ದ ಎಂದು ತಿಳಿಸಿದರೆ ಸಾಕು; ಆಮೇಲೆ ಚಿತ್ರದಲ್ಲಿ ಎಲ್ಲಿ ಗೆರೆ ಎಳೆದರೂ ಅದರ ಉದ್ದ ತೆರೆಯ ಮೇಲೆ ಮೂಡುತ್ತದೆ. ಮುಟ್ಟದೆಯೇ ಅಳೆಯುವುದು! ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು.

ಭಾನುವಳ್ಳಿಯ ಹಾಲಪ್ಪನವರ ಮನೆತನದವರು ತಮ್ಮ ಕುಲದೇವತೆ ಅಮ್ಮನ ಗುಡಿಯ ಕಲ್ಲಿನ ಮೂರ್ತಿಗೆ ಬೆಳ್ಳಿ ಮುಖವಾಡ ಮಾಡಿಸಬೇಕೆಂದಿದ್ದರು. ನಕ್ಷೆ ನನ್ನದು, ಕೆಲಸ ಹರಿಹರದ ಮೌನೇಶಾಚಾರ್ರದು. ಅರವತ್ತು ದಾಟಿದ ಅಕ್ಕಸಾಲಿ. ಬೆಳ್ಳಿ ತಗಡನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಬಡಿಯುತ್ತ ಅದರಲ್ಲಿ ತುಟಿ, ಮೂಗು, ರೆಪ್ಪೆ ಎಬ್ಬಿಸುವುದನ್ನು ಕಂಡು ನಾನು ಉಸಿರಾಡುವುದನ್ನೇ ಮರೆತಿದ್ದೆ. ಅವರೂ ನನ್ನ ಕಂಪ್ಯೂಟರ್ ಮುಂದೆ ಹಾಗೆಯೇ ನಿಂತಿದ್ದರು. ಅಮ್ಮನ ಮುಖವನ್ನು ದೊಡ್ಡದು ಮಾಡಿ ತೋರಿಸಿದಾಗ ಕೈ ಮುಗಿದು, "ಕಲ್ಲು ಕಡದೋನ ಉಳಿ ಗುರ್ತೂ ಕಾಣ್ತೈತಲ್ಲ ತಂಗಿ!" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಆದ್ರೂ ಒಂದ್ಸಲ ನಾನೇ ಹೋಗಿ ದಾರ ಹಿಡಿದು ನೋಡ್ಲಾ?"

"ಬ್ಯಾಡ್ರಿ ಆಚಾರ್ರೆ. ಎಲ್ಲಾ ಫೋಟೋದಾಗೇ ಐತೆ."

ಎಲ್ಲ ಇತ್ತು, ನಿಜ. ಅಡಿಪಟ್ಟಿಯನ್ನು ಎಲ್ಲಿಟ್ಟಿದ್ದೆ ಎಂಬುದೂ ಇತ್ತು — ನಾನೇ ನೋಡಲಿಲ್ಲ.

ಮುಖವಾಡ ತೊಡಿಸುವ ದಿನ ಅದು ಅಮ್ಮನ ಕೆನ್ನೆಗೆ ಸಿಕ್ಕಿಕೊಂಡು ನಿಂತಿತು. "ಇದೇನ್ರಿ, ಕೂರವಲ್ದಲ್ಲ?" ಎಂದರು ಹಾಲಪ್ಪನವರು. ನನ್ನ ಕಣ್ಣು ಮೂರ್ತಿಯ ಮುಂದಿನ ಮೆಟ್ಟಿಲ ಮೇಲೆ ಬಿತ್ತು. ಪಟ್ಟಿಯನ್ನು ಮುಖದ ಪಕ್ಕ ಇಡದೆ ಆ ಮೆಟ್ಟಿಲ ಮೇಲೆ ಇಟ್ಟಿದ್ದೆ — ಒಂದು ಗೇಣಿಗೂ ಕಡಿಮೆ ಮುಂದೆ, ಅಷ್ಟೇ. ಕ್ಯಾಮೆರಾಕ್ಕೆ ಹತ್ತಿರವಿದ್ದ ಪಟ್ಟಿ ದೊಡ್ಡದಾಗಿ ಕಂಡಿತು. ಅದರ ಲೆಕ್ಕದಲ್ಲಿ ಅಮ್ಮನ ಮುಖ ಸಣ್ಣದಾಯಿತು. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ತಪ್ಪು ಅಡಗಿ ಕೂರಬಲ್ಲದೆಂದು ಬೆರಗಾದೆ. ಬಾಯಿ ಮಾತ್ರ ಬೇರೆಯೇ ಆಡಿತು. "ನಾನು ಕೊಟ್ಟ ಅಳತೆ ಸರಿ ಐತ್ರಿ. ಬೇಕಾರೆ ಪ್ರಿಂಟ್ ತಂದು ತೋರಿಸ್ತೀನಿ."

ಎಲ್ಲರೂ ಹೋದ ಮೇಲೆ ಪಟ್ಟಿಯನ್ನು ಮುಖದ ಪಕ್ಕವೇ ಇಟ್ಟು ಮತ್ತೊಂದು ಫೋಟೋ ತೆಗೆದೆ. ಅದರಿಂದ ಹೊಸ ನಕ್ಷೆ ಮಾಡಿ, ಹಳೆಯ ತಾರೀಖು ಹಾಕಿದೆ. ಮೊದಲು ಕೊಟ್ಟ ನಕ್ಷೆಯನ್ನು ಆಚಾರ್ರು ತುಂಡು ಮಾಡಿ ತಗಡಿಗೆ ಅಂಟಿಸಿ ಕೆಲಸ ಮಾಡಿದ್ದರು. ತಗಡು ಕಾಯಿಸುವಾಗ ಅದು ಬೆಂಕಿಗೆ ಹೋಗಿತ್ತು. ಅದು ನನಗೆ ಗೊತ್ತಿತ್ತು.

ಹೊಸ ಕಾಗದ ತೋರಿಸಿದಾಗ ಆಚಾರ್ರು ಮುಖವಾಡವನ್ನು ಅದರ ಮೇಲಿಟ್ಟರು. ಸುತ್ತಲೂ ನಕ್ಷೆಯ ಅಂಚು ಉಳಿಯಿತು. ಜಗಳವಾಡಬಹುದಿತ್ತು... ಆಡಲಿಲ್ಲ. "ಯಂತ್ರ ಯಾಕ ಸುಳ್ಳು ಹೇಳ್ತೈತೆ? ನನ್ನ ಕೈಯೇ ತಪ್ಪೈತೆ," ಎಂದರು.

ಬೆಳ್ಳಿ ಕರಗಿಸಿ ಮತ್ತೆ ಮಾಡಿದರು. ಈ ಸಲ ಗುಡಿಗೆ ಹೋಗಿ, ಕಣ್ಣು ಮುಚ್ಚಿ, ಕಲ್ಲಿನ ಹಣೆಯಿಂದ ಗದ್ದದವರೆಗೆ ಬೆರಳಾಡಿಸಿ, ದಾರ ಹಿಡಿದು ಅಳತೆಗೆ ಗಂಟು ಹಾಕಿಕೊಂಡರು. ಆ ಮುಖವಾಡ ಅಮ್ಮನ ಮುಖಕ್ಕೆ ಕೂತದ್ದನ್ನು ಏನೆಂದು ಹೇಳಲಿ — ಕಲ್ಲೇ ಬೆಳ್ಳಿಯಾದಂತೆ. ನನ್ನ ಯಂತ್ರ ಎರಡು ಫೋಟೋ ತೆಗೆದು ಕಂಡುಕೊಂಡದ್ದನ್ನು ಆ ಬೆರಳುಗಳು ಒಂದೇ ಸಲಕ್ಕೆ ಅರಿತಿದ್ದವು. ಆಗಲಾದರೂ ಹೇಳಬೇಕಿತ್ತು. ಜನ ನನ್ನ ಕಂಪ್ಯೂಟರನ್ನು ಹೊಗಳುತ್ತಿದ್ದರು. ನಾನು ನಗುತ್ತ ನಿಂತಿದ್ದೆ.

ಅದೇ ಅವರ ಕೊನೆಯ ಕೆಲಸ. ದೇವರ ಕೆಲಸದಲ್ಲಿ ಒಮ್ಮೆ ತಪ್ಪಿದ ಕೈ ಮತ್ತೆ ಸುತ್ತಿಗೆ ಹಿಡಿಯಬಾರದು ಎಂದು ನಿಲ್ಲಿಸಿಬಿಟ್ಟರಂತೆ.

ಹೋದ ವಾರ ಹರಿಹರಕ್ಕೆ ಹೋಗಿ ಎಲ್ಲ ಹೇಳಿದೆ. ಅವರ ಕೈ ಈಗ ನಡುಗುತ್ತದೆ. ಮಗಳು ಶಾರದಮ್ಮ ಪಕ್ಕದಲ್ಲೇ ಕೂತಿದ್ದಳು. ಆಚಾರ್ರು ಕೇಳಿದ್ದು ಒಂದೇ: "ಹಂಗಾರೆ... ಆಗ ನನ್ನ ಕೈ ತಪ್ಪಿರ್ಲಿಲ್ಲ?"

"ಇಲ್ರಿ. ನಾನು ಕೊಟ್ಟಿದ್ದಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ."

ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಂಡರು. "ಆಗ್ಲೇ ಹೇಳಿದ್ರೆ ಇನ್ನೊಂದಿಷ್ಟು ವರ್ಷ ಕೆಲಸ ಮಾಡ್ತಿದ್ದೆ, ತಂಗಿ."

ಮನೆತನದವರನ್ನೆಲ್ಲ ಸೇರಿಸಿರಿ ಎಂದು ಅಲ್ಲಿಂದಲೇ ಹಾಲಪ್ಪನವರಿಗೆ ಫೋನ್ ಮಾಡಿದೆ.

ನಾಳೆ ಭಾನುವಳ್ಳಿಗೆ ಹೋಗುತ್ತೇನೆ. ಹಾಲಪ್ಪನವರು ಮನೆತನದವರನ್ನೆಲ್ಲ ಗುಡಿಯ ಮುಂದೆ ಸೇರಿಸಿರುತ್ತಾರೆ. ಅವರೆಲ್ಲರ ಎದುರು ಇದನ್ನೇ ಹೇಳುತ್ತೇನೆ. ಆಚಾರ್ರು ಬರಲು ಒಪ್ಪಲಿಲ್ಲ. ಶಾರದಮ್ಮ ಬರುತ್ತಾಳೆ — ನಾನು ಆಡಿದ ಒಂದೊಂದು ಮಾತನ್ನೂ ಕೇಳಿಸಿಕೊಂಡು ಹೋಗಿ ಅಪ್ಪನಿಗೆ ಹೇಳಬೇಕಂತೆ.