ಅಂಜಿಕೆಗೆ ನಾನಿಟ್ಟ ಸುಳ್ಳು ಹೆಸರು

ನಾಲ್ಕು ವರ್ಷದ ಕೂಸಿಗೆ ನಾನು ಒಂದು ಸುಳ್ಳು ಕಲಿಸಿದೆ. ಅವಳ ಎದೆಯಲ್ಲಿ ಆಗುತ್ತಿದ್ದುದಕ್ಕೆ ಬೇರೆ ಹೆಸರಿಟ್ಟೆ — ಗೊತ್ತಿದ್ದೇ ಇಟ್ಟೆ. ಪಾಪ, ತಿಳಿಯದೆ ಮಾಡಿದಳು ಎಂದು ಯಾರಾದರೂ ನನ್ನ ಪರ ಮಾತಾಡಿದರೆ ಈಗಲೂ ಮೈ ಉರಿಯುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಅಕ್ಕ ತೀರಿಕೊಂಡಳು. ಭಾವ ಗೋಕಾಕದಲ್ಲಿ ಗಿರಣಿ ಕೆಲಸಕ್ಕಿದ್ದ. ಅವರ ಮಗಳು ಕಸ್ತೂರಿಯನ್ನು ನಾನು ಮೂಡಲಗಿಗೆ ಕರೆತಂದೆ. ನನ್ನ ಗಂಡನಿಗೆ ಊರಲ್ಲಿ ದೊಡ್ಡ ಮರ್ಯಾದೆ. ಮನೆಯಲ್ಲಿ — ಹಾಸಿಗೆ ಒದ್ದೆಯಾದರೆ ಹುಣಸೆ ಬರಲಿನ ಏಟು, ಹಾಲು ಚೆಲ್ಲಿದರೆ ಹುಣಸೆ ಬರಲಿನ ಏಟು. ನನಗೂ ಬೀಳುತ್ತಿತ್ತು. ಅದು ನೆಪವಲ್ಲ, ಸುಮ್ಮನೆ ಹೇಳಿದೆ.

ಅವನ ಚಪ್ಪಲಿಯ ಸದ್ದು ಕೇಳಿದರೆ ಕಸ್ತೂರಿ ಓಡಿಬಂದು ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ನೆರೆಮನೆಯಾಕೆ ಕೂತಿದ್ದಾಗಲೇ ಕೇಳಿದಳು:

“ಚಿಗವ್ವಾ, ಕಾಕಾ ಬಂದ್ರ ಎದಿ ಡಬಡಬ ಅಂತೈತಿ, ಕೈ ತಣ್ಣಗಾಗ್ತಾವ. ಇದಕ ಏನಂತಾರ?”

“ನಾಚಿಕಿ ಅಂತಾರವ್ವಾ” ಅಂದೆ.

ನೆರೆಯಾಕೆ ನಕ್ಕಳು. ಅಂಜಿಕೆ ಎಂದಿದ್ದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ನಾಚಿಕೆಗೆ ಯಾರೂ ಕಾರಣ ಕೇಳುವುದಿಲ್ಲ — ನನಗೆ ಬೇಕಾದದ್ದೂ ಅದೇ.

ಆಮೇಲೆ ದಿನಾ ಅದನ್ನೇ ಹೇಳಿದೆ. ಕಸ್ತೂರಿ ಕಲಿತಳು. ಕಲಿತು — ಓಡುವುದನ್ನೇ ಬಿಟ್ಟಳು! ಅಂಜಿದವರು ಓಡುತ್ತಾರೆ, ನಾಚಿದವರು ತಲೆ ತಗ್ಗಿಸಿ ನಿಲ್ಲುತ್ತಾರೆ. ಅವನು ಹುಣಸೆ ಬರಲನ್ನು ಎತ್ತಿದಾಗ ಅವಳು ತಲೆ ತಗ್ಗಿಸಿ, ತುಟಿಯಲ್ಲಿ ಒಂದಿಷ್ಟು ನಗು ಇಟ್ಟುಕೊಂಡು, ನಿಂತಲ್ಲೇ ನಿಲ್ಲುತ್ತಿದ್ದಳು. ಆ ನಗುವನ್ನು ನಾನು ನೋಡಿದೆ. ನೋಡಿಯೂ —

ಒಂದು ಸಂತೆಯ ದಿನ ಭಾವ ಬಂದ. ಮಗಳ ತೋಳಿನ ಮೇಲೆ ಬಾಸುಂಡೆ ಕಂಡಿತು. ಹುಕ್ಕೇರಿಯಲ್ಲಿದ್ದ ತನ್ನ ತಾಯಿಯ ಹತ್ತಿರ ಬಿಡುವ ಯೋಚನೆ ಅವನಿಗೆ. ಅವಳನ್ನು ಮುಂದೆ ನಿಲ್ಲಿಸಿಕೊಂಡು ಕೇಳಿದ: “ಖರೇ ಹೇಳವ್ವಾ, ಕಾಕಾಗ ಅಂಜತೀ ಏನ?”

ಅವಳು ಸುಳ್ಳು ಹೇಳಲಿಲ್ಲ. ತನ್ನೊಳಗೆ ಇಣುಕಿ, ನಾನು ಕೊಟ್ಟ ಹೆಸರನ್ನೇ ಹೇಳಿದಳು: “ಇಲ್ಲಪ್ಪಾ, ನಾಚಿಕಿ ಬರತೈತಿ.”

ಭಾವ ನಕ್ಕ. ಕೆನ್ನೆ ಸವರಿ, ಒಬ್ಬನೇ ಗೋಕಾಕಕ್ಕೆ ಹೋದ. ನಾನು ಬಾಗಿಲಲ್ಲೇ ಇದ್ದೆ, ತುಟಿ ಎರಡು ಮಾಡಲಿಲ್ಲ.

ಮುಂದಿನ ವರ್ಷ ಅವಳ ಎಡಗೈ ಮುರಿಯಿತು. ಮುರಿದವನು ನನ್ನ ಗಂಡ. ಕಟ್ಟು ಹಾಕಿದವರಿಗೆ ನಾನು, ಕಟ್ಟೆಯಿಂದ ಬಿದ್ದಳು ಎಂದೆ.

ಕಸ್ತೂರಿ ದೊಡ್ಡವಳಾದಳು, ಹುಕ್ಕೇರಿಗೇ ಸೊಸೆಯಾಗಿ ಹೋದಳು. ನನ್ನ ಗಂಡ ತೀರಿಕೊಂಡ ಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದೆ. ಓಣಿಯಲ್ಲಿ ಸಿಡುಬಿನ ಲಸಿಕೆ ಹಾಕುವವರು ಬಂದಿದ್ದರು. ಅವಳ ಮೂರು ವರ್ಷದ ಮಗಳು ನಡುಗುತ್ತಾ ನನ್ನ ತೊಡೆಗೆ ಅಂಟಿಕೊಂಡಳು. ಕಸ್ತೂರಿ ಅವರಿಗೆ ನಗುತ್ತಾ ಹೇಳಿದಳು: “ಹೊಸಬರನ್ನ ಕಂಡ್ರ ಭಾಳ ನಾಚತಾಳ್ರಿ.”

ನಾನು ಕೂಗಿಬಿಟ್ಟೆ: “ನಾಚಿಕಿ ಅಲ್ಲಾ ಅದು! ಅಂಜಿಕಿ! ನಿನಗ ಆಗತಿದ್ದದ್ದೂ ಅಂಜಿಕೀನ!”

ಬಂದವರನ್ನು ಅವಳು ಬಾಗಿಲವರೆಗೆ ಕಳಿಸಿಬಂದಳು. ಆಮೇಲೆ ಕೇಳಿದಳು, ದನಿ ಏರಿಸದೆ: “ಆವಾಗನ ಗೊತ್ತಿತ್ತೇನ ನಿನಗ?”

“ಗೊತ್ತಿತ್ತು.”

“ಅಪ್ಪ ಕೇಳಿದಾಗೂ?”

“ಗೊತ್ತಿತ್ತು.”

ಮಗಳನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. “ಎದ್ದ ಹೋಗ” ಅಂದಳು.

ಮಧ್ಯಾಹ್ನದ ಬಸ್ಸಿಗೇ ಹೊರಟುಬಂದೆ. ಮತ್ತೆ ಕರೆದಿಲ್ಲ ಅವಳು. ಕರೆಯಬೇಕೆಂದೂ ಇಲ್ಲ. ಕ್ಷಮೆ ಕೇಳುವ ಬಾಯಿ ನನಗಿಲ್ಲ — ಇರುವ ಬಾಯಿಯಿಂದ ಒಂದು ಕೆಲಸ ಮಾತ್ರ ಮಾಡುತ್ತೇನೆ. ಊರಿನವರು ಈಗಲೂ ನನ್ನ ಗಂಡನನ್ನು ಹೊಗಳಲು ಬಾಯಿ ತೆರೆಯುತ್ತಾರೆ, ಎಂಥ ಸಂಭಾವಿತ ಎಂದು. ಆಗ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: “ಕೂಸಿನ ಕೈ ಮುರದಾಂವ ಅಂವ. ಮುಚ್ಚಿಟ್ಟಾಕಿ ನಾ.”